ಮೂರು ಡಬ್ಬ ಕಡಿಮೆ

ಬಣ್ಣದಂಗಡಿಯ ಗೋದಾಮಿನಲ್ಲಿ ಆ ದಿನ ಮಾಲಿನ ಎಣಿಕೆ. ಎಣಿಸುವವಳು ಅಕ್ಕ. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಅಕ್ಕ ಅಕ್ಕ ಎಂದು ಕರೆದೂ ಕರೆದೂ ಅವಳ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು. ಹಿಂದಿನ ಗೋಡೆಗೆ ಒತ್ತಿಕೊಂಡು ಪಾಚಿ ಬಣ್ಣದ ಡಬ್ಬಗಳ ಸಾಲು. ಆ ಬಣ್ಣವನ್ನು ದುಡ್ಡು ಕೊಟ್ಟು ಕೊಂಡ ಭೂಪ ಭೂಮಿಯ ಮೇಲೆ ಒಬ್ಬನೇ, ಅದು ನಮ್ಮ ಯಜಮಾನರು. ಅದೂ ಅಗ್ಗಕ್ಕೆ ಸಿಕ್ಕಿತೆಂದು ಒಂದೇ ಸಲಕ್ಕೆ ಅಷ್ಟೂ! ಒಂದು ಡಬ್ಬವೂ ಮಾರಾಟವಾಗಲಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಅದರ ಯೋಗ ನೋಡಬೇಕು! ಪೇಟೆಯಲ್ಲಿ ಬಣ್ಣದ ದರ ಏರಿದಾಗಲೆಲ್ಲ ಯಜಮಾನರು ಹಳೇ ದರ ಹೊಡೆದುಹಾಕಿ ಹೊಸದು ಬರೆಯುತ್ತಿದ್ದರು. ಡಬ್ಬದೊಳಗೆ ಬಣ್ಣ ಒಣಗಿ ಕಲ್ಲಾದಷ್ಟೂ ಪುಸ್ತಕದಲ್ಲಿ ಬೆಲೆ ಬೆಳೆಯುತ್ತಿತ್ತು. ಆ ಬೆಲೆ ತೋರಿಸಿಯೇ ಬ್ಯಾಂಕಿನಿಂದ ಸಾಲ.

ಪುಸ್ತಕದಲ್ಲಿ ಇನ್ನೂರ ಹದಿನೈದು. ಅಕ್ಕ ಎರಡು ಸಲ ಎಣಿಸಿದಳು. ಇನ್ನೂರ ಹನ್ನೆರಡೇ.

"ಮೂರು ಎಲ್ಲಿ?" ಎಂದರು ಯಜಮಾನರು, ಮಾಲು ಪರಿಶೀಲಿಸಲು ಬ್ಯಾಂಕು ಕಳಿಸಿದ್ದ ಆಡಿಟರ್ ಎದುರಿಗೇ.

"ತುಕ್ಕು ಹಿಡಿದು ತಳ ಕಿತ್ತೋಗಿತ್ತಲ್ಲ, ನೀವೇ ಎಸಿ ಅಂದ್ರಿ."

"ನಾನಾ? ಯಾವಾಗ? ಚೀಟಿ ಇದ್ಯಾ? ಬೀಗದ ಕೈ ನಿನ್ನ ಹತ್ರ, ಮಾಲು ಮಾಯ! ಕಳ್ಳರನ್ನ ಸಾಕ್ಕೊಂಡಿದೀನಿ ನೋಡಿ ಸಾರ್. ದುಡ್ಡು ಸಂಬಳದಲ್ಲಿ ಹಿಡ್ಕೋತೀನಿ. ನೀವು ಕಳವು ಅಂತಲೇ ಬರೀರಿ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸಂಬಳ ಹೋದರೆ ಹೋಗಲಿ, ಹೇಗೋ ತಿಂಗಳು ತಳ್ಳಬಹುದು. ಒಂದು ಬ್ರಷ್ಷನ್ನೂ ಮನೆಗೆ ಒಯ್ಯದವಳ ಹೆಸರಿನ ಮುಂದೆ ಕಳವು ಎಂದು ಬರೆಯುವುದೇ? ಆ ಪಾಚಿ ಬಣ್ಣವನ್ನು ಕದಿಯುವಷ್ಟು ಗತಿಗೆಟ್ಟ ಕಳ್ಳ ಇನ್ನೂ ಹುಟ್ಟಿಲ್ಲ!

ಆಡಿಟರ್ ಪೆನ್ನು ಎತ್ತಿದ. ಮಹಾನುಭಾವ! ಬೆಳಗಿನಿಂದ ಕುರ್ಚಿ ಬಿಟ್ಟು ಏಳದೆಯೇ ಇಡೀ ಗೋದಾಮನ್ನು ಪರಿಶೀಲಿಸಿದ್ದ.

ಅಕ್ಕ ಸ್ಕ್ರೂಡ್ರೈವರ್ ತಂದು ಒಂದು ಡಬ್ಬದ ಮುಚ್ಚಳದ ಅಂಚಿಗೆ ಕೊಟ್ಟಳು. "ಬರೀರಿ ಸಾರ್. ಕದ್ದ ಮಾಲು ಎಂಥಾದ್ದು ಅಂತ ಒಂದ್ಸಲ ನೋಡ್ಬಿಟ್ಟು ಬರೀರಿ."

ಯಜಮಾನರ ಮುಖ ಬಿಳಿಚಿಕೊಂಡಿತು. "ಏಯ್, ಬೇಡ ಬೇಡ, ತೆಗೀಬೇಡಮ್ಮ!" ಹತ್ತೊಂಬತ್ತು ವರ್ಷದಲ್ಲಿ ಅವಳನ್ನು ಅಮ್ಮ ಎಂದದ್ದು ಅದೇ ಮೊದಲು. "ನೆನಪಾಯ್ತು ಸಾರ್. ಆ ಮೂರು ಹಾಳಾಗಿತ್ತು, ನಾನೇ ಎಸಿ ಅಂದಿದ್ದೆ. ಕಳವು ಗಿಳವು ಏನೂ ಇಲ್ಲ."

ಇಲ್ಲಿಗೇ ಬಾಯಿ ಮುಚ್ಚಿದ್ದರೆ ಬಚಾವಾಗುತ್ತಿದ್ದರು. ಗಾಬರಿ ಬಿದ್ದವನ ನಾಲಗೆಗೆ ಲಗಾಮು ಎಲ್ಲಿ?

"ಒಳಗೆಲ್ಲ ಕಲ್ಲಾಗಿತ್ತು ಸಾರ್, ಮೂರು ಕಾಸಿಗೂ ಬಾಳ್ತಿರಲಿಲ್ಲ. ಅಷ್ಟು ಹಳೇ ಮಾಲು!"

ಆಡಿಟರ್ ಸಾಲಿನ ಕಡೆ ನೋಡಿದ. "ಇವೂ ಅದರ ಜೊತೆಗೇ ಬಂದಿದ್ದಲ್ವಾ?"

ಆಡಿಟರ್ ಅಂದು ಮೊದಲ ಸಲ ಕುರ್ಚಿಯಿಂದ ಎದ್ದು ಬಂದು ಅಕ್ಕನ ಮುಂದೆ ಕೈ ಚಾಚಿದ. "ಸ್ಕ್ರೂಡ್ರೈವರ್ ಕೊಡಿ."

ಅಕ್ಕ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕೊಡ್ತೀನಿ ಸಾರ್. ಮೊದಲು ನಾನು ಕದ್ದಿಲ್ಲ ಅಂತ ಬರೀರಿ."