ಸೂಲಗಿತ್ತಿಗೆ ಕೊಟ್ಟ ಬಂಗಲೆ

ಗಾಜಿನ ಕಾರ್ಖಾನೆಯ ಧಣಿ ಊರಿಗೆ ಶಾಲೆ, ನಲ್ಲಿ ನೀರು ಎಲ್ಲ ಕೊಟ್ಟಿದ್ದರು. ಹೆರಿಗೆಗೆಂದು ಒಂದು ಕೋಣೆ ಕೇಳಲು ಸೂಲಗಿತ್ತಿ ಅವರ ಬಂಗಲೆಗೆ ಹೋದಳು. ಧಣಿ ಬೀಗದ ಕೈಗೊಂಚಲನ್ನೇ ಅವಳ ಕೈಗಿಟ್ಟರು.

"ಇಡೀ ಮನೆ ತಗೊಳ್ಳಿ ಅಮ್ಮ. ನಾನು ಕಾರ್ಖಾನೆ ಮಹಡೀಲಿ ಇರ್ತೀನಿ."

ಅವಳು ಗೊಂಚಲನ್ನು ಹಿಂದಕ್ಕೆ ಚಾಚಿದಳು. "ಅಯ್ಯೋ, ತಮಾಷೆ ಮಾಡ್ತಿದೀರಾ ಧಣಿ?"

"ನನ್ನ ಹೆಂಡ್ತಿ ಹೆರಿಗೆ ನೋವಲ್ಲಿ ನಿಮ್ಮನ್ನ ಕರೆಸಿ ಅಂತ ಗೋಗರೆದ್ಲು. ಸೂಲಗಿತ್ತಿ ನಮ್ಮ ಅಂತಸ್ತಿಗೆ ಸರಿಹೋಗಲ್ಲ ಅಂದೆ. ದೊಡ್ಡ ಡಾಕ್ಟರು ಬರೋಷ್ಟರಲ್ಲಿ ತಾಯಿ, ಮಗು ಇಬ್ರೂ ಹೋಗಿಬಿಟ್ಟಿದ್ರು."

ಧಣಿಯ ತುಂಬು ಗರ್ಭಿಣಿ ಹೆಂಡತಿ ಜ್ವರದಿಂದ ಸತ್ತಳೆಂದೇ ಮೂವತ್ತು ವರ್ಷ ಊರು ನಂಬಿತ್ತು. ಸೂಲಗಿತ್ತಿ ಮೆಟ್ಟಿಲ ಮೇಲೆ ಕೂತಳು.

"ಎರಡೇ ಬೀದಿ ಆಚೆ ಇದ್ದೆನಲ್ಲ, ಧಣಿ!"

ಮುಂದಿನ ವಾರ ಆ ಮನೆಯಲ್ಲಿ ಮೊದಲ ಮಗು ಅತ್ತಾಗ ಅವಳು ಕಾರ್ಖಾನೆ ಮಹಡಿಯ ಕಡೆಯ ಕಿಟಕಿ ತೆರೆದಳು.