ಗೇಟಿನ ಕೋಣೆಯೊಳಗೆ ಲಾಲಪ್ಪ

ಬೆಳಿಗ್ಗೆ ರಂಗಂಪೇಟೆಯಿಂದ ಹೊರಡುವಾಗ ಅತ್ತೆ ಮುದುಕಮ್ಮ ಬೈಕಿಗೆ ಅಡ್ಡ ನಿಂತು ಒಂದೇ ಮಾತು ಕೇಳಿದ್ದಳು, ಹೊತ್ತು ಮುಳುಗುವುದರೊಳಗೆ ಬರುತ್ತೀರೋ ಇಲ್ಲವೋ ಎಂದು. ಬಂದೇ ಬರುತ್ತೇನೆ ಎಂದು ಲಾಲಪ್ಪ ಆಣೆ ಮಾಡಿ ಹೊರಟಿದ್ದ. ಅವತ್ತು ಅವನ ಹೆಂಡತಿ ಅಯ್ಯಮ್ಮನ ಕುಬಸ. ಚೊಚ್ಚಲ ಬಸುರಿ, ಏಳನೇ ತಿಂಗಳು. ಹಸಿರು ಸೀರೆ ಬಂದಿತ್ತು, ಬಳೆಗಾರ ಬಂದುಹೋಗಿದ್ದ, ಓಣಿಯ ಮುತ್ತೈದೆಯರಿಗೆಲ್ಲ ಹೇಳಿಯಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಗಂಡ ಹೆಂಡತಿ ಜೋಡಿಯಾಗಿ ಮಣೆಯ ಮೇಲೆ ಕೂರಬೇಕು.

ಈ ಮನುಷ್ಯನ ಹಿಂದಿನ ನಡತೆ ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ನಿ. ತನ್ನ ನಿಶ್ಚಯದ ದಿನ ಯಾವುದೋ ಟವರಿನ ತುದಿಯಲ್ಲಿ ನೇತಾಡುತ್ತಿದ್ದ; ಬೀಗರ ಜೀಪು ಕೆಳಗೆ ಹಾದುಹೋಗಿದ್ದನ್ನು ಮೇಲಿಂದಲೇ ನೋಡಿದನಂತೆ. ಮದುವೆಯಾದ ಮರುದಿನ ಅರಿಶಿನ ಹಚ್ಚಿದ ಮೈಯಲ್ಲೇ ಕೆಲಸಕ್ಕೆ ಓಡಿದ್ದ. ಇವತ್ತೂ ತಪ್ಪಿಸಿದರೆ ಅಯ್ಯಮ್ಮ ಅದನ್ನು ಎಷ್ಟು ವರ್ಷ ಎತ್ತಿ ಆಡುತ್ತಾಳೋ ಆ ದೇವರೇ ಬಲ್ಲ. ಅವಳ ಬಾಯಿಗೆ ಹೆದರಿ ಅಷ್ಟೇ ಅಲ್ಲ, ಅವನಿಗೂ ಆಸೆಯಿತ್ತು, ಸುಳ್ಳೇಕೆ? ಹೆಂಡತಿಯ ಪಕ್ಕ ಕೂತು ಆರತಿ ಮಾಡಿಸಿಕೊಳ್ಳುವ ಆಸೆ ಯಾವ ಗಂಡನಿಗೆ ಇರುವುದಿಲ್ಲ?

ಅವನ ಕೆಲಸವೇ ಅಂಥದ್ದು. ಕೃಷ್ಣೆಯ ಕಾಲುವೆಯ ಗೇಟುಗಳನ್ನು ಈಗ ಕಚೇರಿಯ ಕಂಪ್ಯೂಟರಿನಿಂದಲೇ ಏರಿಸಿ ಇಳಿಸುತ್ತಾರೆ; ಕೆಟ್ಟರೆ ರಿಪೇರಿಗೆ ಓಡುವವನು ಇವನು. ಗೇಟಿನ ಪಕ್ಕ ಒಂದು ಸಣ್ಣ ಕೋಣೆ, ಕೋಣೆಯಲ್ಲಿ ಒಂದು ಕಬ್ಬಿಣದ ಡಬ್ಬಿ, ಡಬ್ಬಿಯೊಳಗೆ ಒಂದು ಸ್ವಿಚ್ಚು. ಸ್ವಿಚ್ಚೆಂದರೆ ದೀಪ ಹಚ್ಚುವುದಲ್ಲ, ನಾಲ್ಕೂ ಕಡೆಯ ವೈರುಗಳು ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ಕಚೇರಿಯ ಅಪ್ಪಣೆಯನ್ನು ಗೇಟಿನ ಯಂತ್ರಕ್ಕೆ ಮುಟ್ಟಿಸುವುದು ಅದೇ. ಕಚೇರಿಯ ಸಂಪರ್ಕ ತಪ್ಪಿತೋ, ಕಾಲುವೆ ಒಡೆಯಬಾರದೆಂದು ಗೇಟು ತಾನೇ ಕೆಳಗಿಳಿಯುತ್ತದೆ. ಯಂತ್ರ ಕಚೇರಿಯ ಮಾತು ಬಿಟ್ಟರೆ ಇನ್ನಾರ ಮಾತನ್ನೂ ಕೇಳುವುದಿಲ್ಲ. ಕೈಯಿಂದ ತಿರುಗಿಸುವ ಹ್ಯಾಂಡಲ್ ಮೊದಲಿತ್ತು. ಮೇಲಿನ ಊರಿನವರು ಬಂದು ಬಂದು ತಮಗೆ ಬೇಕಾದಂತೆ ತಿರುಗಿಸತೊಡಗಿದ ಮೇಲೆ ಅದನ್ನೂ ಬಿಚ್ಚಿಕೊಂಡು ಹೋಗಿದ್ದರು.

ಸಗರದ ಆಚೆಗಿನ ಒಂದು ಗೇಟಿನಲ್ಲಿ ಹಿಂದಿನ ದಿನ ಕರೆಂಟು ಹೋಗಿ ಬಂದು ಕುಣಿದಾಡಿತ್ತು. ಸ್ವಿಚ್ಚು ಬೆದರಿ, ಗೇಟಿನ ವೈರು ಚುಚ್ಚಿದ ಕಿಂಡಿಯನ್ನು ತಾನಾಗಿಯೇ ಬಂದ್ ಮಾಡಿಕೊಂಡಿತು. ಗೇಟು ಇಳಿಯಿತು, ನೀರು ನಿಂತಿತು. ಕಿಂಡಿ ತೆರೆಯಬೇಕೆಂದರೆ ಸ್ವಿಚ್ಚಿನೊಳಗೆ ಲಾಗಿನ್ ಆಗಬೇಕು. ಕಚೇರಿಯಿಂದ ಎಷ್ಟು ಬಡಿದಾಡಿದರೂ ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಆದ್ದರಿಂದ ಇಂಜಿನಿಯರ್ ಭಗವಂತರಾಯರು ಗುತ್ತಿಗೆಯ ಹುಡುಗ ಲಾಲಪ್ಪನನ್ನು ಅಟ್ಟಿದರು, ಒಂದು ಗಳಿಗೆಯ ಕೆಲಸ ಎಂದು ಹೇಳಿ.

ಗೇಟಿನ ಕೆಳಗಿನ ಊರಿಗೆ ಅವತ್ತು ನೀರಿನ ಪಾಳಿಯ ಕಡೆಯ ದಿನ. ಶೇಂಗಾ ಕಾಯಿ ಕಟ್ಟುವ ಹೊತ್ತು. ಈ ನೀರು ತಪ್ಪಿದರೆ ಮುಂದಿನ ಪಾಳಿಯವರೆಗೆ ಬಳ್ಳಿ ಉಳಿಯುವ ಮಾತಿಲ್ಲ. ಲಾಲಪ್ಪ ಕೋಣೆಯೊಳಗೆ ಹೋಗಿ ಲ್ಯಾಪ್‌ಟಾಪ್ ತೆರೆಯುವುದಕ್ಕಿಲ್ಲ, ಹೊರಗಿನಿಂದ ಬಾಗಿಲು ಬಿತ್ತು, ಬೀಗದ ಸದ್ದೂ ಆಯಿತು. ಕಿಟಕಿಯ ಸರಳಿನಾಚೆ ಊರಿನ ಹಿರಿಯ ಮರಿಲಿಂಗಪ್ಪ ಕಾಣಿಸಿಕೊಂಡ. ಸಿಟ್ಟಿಲ್ಲ, ಬೈಗುಳವಿಲ್ಲ, ಮನೆಗೆ ಬಂದ ನೆಂಟನಿಗೆ ಊಟಕ್ಕೆ ಏಳಿ ಎನ್ನುವ ದನಿ.

"ನೀರು ಬಿಡ್ರಿ, ಬಾಗಲಾ ತಗೀತೇವಿ. ಅಲ್ಲೀತನಾ ನೀವು ನಮ್ಮ ಊರ ಅಳಿಯ ಅಂತ ತಿಳ್ಕೊಂಡು ಕೂಡ್ರಿ."

ಬೈಕಿನ ಕೀಲಿಯೂ ಅವರ ಕೈ ಸೇರಿತ್ತು. ಅದನ್ನೂ ಕೋಣೆಯ ಬೀಗದ ಕೀಲಿಯನ್ನೂ ತಿಮ್ಮವ್ವ ಎಂಬ ಹೆಂಗಸಿನ ಸೆರಗಿಗೆ ಕಟ್ಟಿದರು. ಕಾಲುವೆಯ ತುದಿಯಲ್ಲಿ ಎಲ್ಲರಿಗಿಂತ ಕಡೆಗೆ ಇರುವ ಹೊಲ ಅವಳದು. ಎಲ್ಲರಿಗೂ ಮುಟ್ಟಿ ಮಿಕ್ಕರೆ ಅವಳಿಗೆ ನೀರು. ಅವಳು ಹೂಂ ಅನ್ನುವವರೆಗೆ ಬಾಗಿಲು ತೆರೆಯಬಾರದೆಂದು ಮಾತಾಯಿತು.

ಲಾಲಪ್ಪನಿಗೆ ಮೊದಲು ನಗು ಬಂತು. ಕಿಂಡಿ ತೆರೆದು ಹೋಗುವುದಷ್ಟೇ, ಹಾಕಿಕೊಳ್ಳಲಿ ಬೀಗ! ವೈರು ಚುಚ್ಚಿ, ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿನ ಸ್ವಿಚ್ಚಿನ ನಂಬರು ಹೊಡೆದ. ಸ್ವಿಚ್ಚಿನ ಪುಟ ತೆರೆದುಕೊಂಡಿತು, ಪಾಸ್‌ವರ್ಡ್ ಕೇಳಿತು, ಕೊಟ್ಟ. ಅರ್ಧಕ್ಕೇ ಹಾರಿಹೋಯಿತು. ಮತ್ತೆ ಹೊಡೆದ, ತೆರೆಯಲೇ ಇಲ್ಲ. ಮತ್ತೆ ತೆರೆಯಿತು, ಮತ್ತೆ ಹೋಯಿತು. ಕರೆದರೆ ಒಮ್ಮೆ ಓ ಎನ್ನುತ್ತದೆ, ಒಮ್ಮೆ ಸತ್ತಂತೆ ಬಿದ್ದಿರುತ್ತದೆ. ವೈರು ಬದಲಾಯಿಸಿ ನೋಡಿದ, ಸ್ವಿಚ್ಚನ್ನೇ ಆರಿಸಿ ಹಚ್ಚಿ ನೋಡಿದ, ಲ್ಯಾಪ್‌ಟಾಪನ್ನೂ ಹಾಗೇ ಮಾಡಿದ. ನೇರವಾಗಿ ಸ್ವಿಚ್ಚಿನ ಬೆನ್ನಿಗೆ ಚುಚ್ಚಿ ಒಳಹೊಗುವ ಒಂದು ವೈರಿರುತ್ತದೆ; ಅದು ಇದ್ದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಅದನ್ನು ಜೊತೆಗಾರ ಹತ್ತಿಕುಣಿಯ ಕಡೆಗೆ ಒಯ್ದಿದ್ದ. ತಂದುಕೊಡುವಷ್ಟರಲ್ಲಿ ಕತ್ತಲಾಗುತ್ತದೆ ಎಂದ ಆ ಪುಣ್ಯಾತ್ಮ.

ಬಿಸಿಲು ಏರಿತು. ತಗಡಿನ ಮಾಡು ಕಾದು ಕೋಣೆ ರೊಟ್ಟಿಯ ಹೆಂಚಾಯಿತು. ಅಯ್ಯಮ್ಮನ ಫೋನು ಬಂತು. ಎಲ್ಲಿದ್ದೀರಿ ಎಂದಳು. ಹೇಳಿದ.

"ಖರೇನ ಬೀಗ ಹಾಕ್ಯಾರೇನ್ರಿ? ಇಲ್ಲಾ, ಎಂದಿನಂಗ ಕೆಲಸೈತಿ ಅಂತ ನೀವಽ ಒಳಗ ಕುಂತೀರಿ?"

ಆಣೆ ಮಾಡಿ ಹೇಳಿದ, ಕಿಟಕಿಯಾಚೆ ನಿಂತವರ ಮಾತನ್ನೂ ಕೇಳಿಸಿದ. ಆಗ ಅವಳ ದನಿ ಮೆತ್ತಗಾಯಿತು. ಕೈ ಮುಗಿದಾದರೂ ಬಿಡಿಸಿಕೊಂಡು ಬರ್ರಿ, ಒಬ್ಬಳೇ ಮಣೆಯ ಮೇಲೆ ಕೂರಲಾರೆ ಎಂದಳು. ಫೋನು ಇಟ್ಟ ಮೇಲೆ ಲಾಲಪ್ಪನಿಗೆ ಅಳುವೇ ಬಂದಂತಾಯಿತು. ಹೊರಗಿನ ಬೀಗಕ್ಕೆ ಕೀಲಿ ಇದೆ, ಈ ಸ್ವಿಚ್ಚಿನ ಬೀಗಕ್ಕೆ ಇಲ್ಲ. ಇದು ತೆರೆಯದೆ ಅದು ತೆರೆಯುವುದಿಲ್ಲ.

ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡು ಮತ್ತೆ ಕೂತ. ಈ ಸಲ ಬಡಿದಾಡಲಿಲ್ಲ, ಕೂತು ನೋಡಿದ. ಯಾವ ನಂಬರಿಗೆ ಯಾವ ಯಂತ್ರ ಓಗೊಡುತ್ತದೆಂದು ತೋರಿಸುವ ಪಟ್ಟಿಯೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡ. ನಂಬರು ಅದೇ, ಆದರೆ ಅದರ ಎದುರಿನ ಯಂತ್ರದ ಗುರುತು ಒಮ್ಮೆ ಒಂದು, ಇನ್ನೊಮ್ಮೆ ಮತ್ತೊಂದು. ಒಂದೇ ಮನೆ ನಂಬರಿನ ಎರಡು ಮನೆಗಳಿದ್ದರೆ ಅಂಚೆಯವನು ಎಲ್ಲಿಗೆಂದು ಹೋದಾನು? ಡಬ್ಬಿಯೊಳಗೆ ಟಾರ್ಚು ಹಾಕಿ ಒಂದೊಂದೇ ವೈರನ್ನು ಬೆರಳಿನಲ್ಲಿ ಹಿಡಿದು ಹೋದ. ತಾನು ಎಂದೂ ಚುಚ್ಚಿರದ ಒಂದು ಕರಿ ವೈರು ಸಿಕ್ಕಿತು. ಅದು ಗೋಡೆಯ ತೂತಿನಿಂದ ಹೊರಗೆ ಹೋಗಿತ್ತು. ಕಿತ್ತ.

ಕಿತ್ತದ್ದೇ ತಡ, ಹೊರಗೆ ಗದ್ದಲವೆದ್ದಿತು. ಕಿಟಕಿಗೆ ಹತ್ತು ಮುಖ ಬಂದವು. ಮರಿಲಿಂಗಪ್ಪ ತನ್ನ ಫೋನನ್ನು ಸರಳಿನೊಳಗೆ ತೂರಿಸಿ ತೋರಿಸಿದ, ಪರದೆ ಕಪ್ಪಾಗಿತ್ತು. ಮೇಲಿನ ಊರಿನವರು ಗೇಟಿಗೆ ಕೈ ಹಾಕುತ್ತಾರೆಂದು ಇವರು ಮನೆಗಿಷ್ಟೆಂದು ಪಟ್ಟಿ ಎತ್ತಿ, ವಾರದ ಹಿಂದೆ ಕಂಬಕ್ಕೊಂದು ಕ್ಯಾಮೆರಾ ಕಟ್ಟಿಸಿದ್ದರಂತೆ. ಕಟ್ಟಿದವನು ಶಹಾಪುರದ ಮೊಬೈಲ್ ಅಂಗಡಿಯ ಅಮರಪ್ಪ. ಕರೆಂಟು ಈ ಡಬ್ಬಿಯಿಂದ ಸಿಗುತ್ತದೆಂದು ವೈರನ್ನು ತಂದು ಸ್ವಿಚ್ಚಿಗೆ ಚುಚ್ಚಿದ್ದಾನೆ. ಕ್ಯಾಮೆರಾಕ್ಕೊಂದು ನಂಬರು ಕೊಡಬೇಕಲ್ಲ, ಡಬ್ಬಿಯ ಮೇಲಿನ ಚೀಟಿ ನೋಡಿ ಅದನ್ನೇ ಕೊಟ್ಟಿದ್ದಾನೆ. ಫೋನು ಮಾಡಿ ಕೇಳಿದರೆ, ಒಂದೇ ಡಬ್ಬಿಯಲ್ಲಿರುವ ಸಾಮಾನಿಗೆ ಒಂದೇ ನಂಬರು ತಾನೇ ಎಂದ, ಗುರ್ಮಿಟಕಲ್ಲಿನ ಯಾವುದೋ ಮದುವೆಯ ಪಂಕ್ತಿಯಲ್ಲಿ ಕೂತು. ನಂಬರು ಬದಲಿಸುವ ಪಾಸ್‌ವರ್ಡು ಅಂಗಡಿಯಲ್ಲಿತ್ತು, ಅಂಗಡಿಗೆ ಬಾಗಿಲು ಹಾಕಿತ್ತು.

ನಿಮ್ಮ ಕ್ಯಾಮೆರಾದಿಂದಲೇ ನಿಮ್ಮ ನೀರು ನಿಂತಿದೆ, ಅದನ್ನು ಕಿತ್ತಿಟ್ಟರೇ ನೀರು ಎಂದು ಲಾಲಪ್ಪ ಹೇಳಿದ. ಯಾರು ನಂಬುತ್ತಾರೆ? ಮೇಲಿನ ಊರಿನವರ ಹತ್ತಿರ ಏನು ತಿಂದು ಬಂದಿದ್ದೀಯೆಂದು ಒಬ್ಬ ಕೇಳಿಯೇಬಿಟ್ಟ. ಕ್ಯಾಮೆರಾ ಆರಿದ ಮೇಲೆ ಗೇಟು ಏನು ಮಾಡುತ್ತದೆಂದು ನೋಡುವವರು ಯಾರು ಎಂದ ಇನ್ನೊಬ್ಬ. ತಿಮ್ಮವ್ವ ಅವರನ್ನೆಲ್ಲ ಸರಿಸಿ ಕಿಟಕಿಗೆ ಬಂದಳು. ಅವನ ಮುಖವನ್ನು ಚೆನ್ನಾಗಿ ನೋಡಿದಳು.

"ಕಣ್ಣ ಕೀಳ್ತೀನಿ ಅಂತೀರಿ. ಕೀಳ್ರಿ. ಆ ಕಣ್ಣಿನ ಜಾಗಾದಾಗ ನೀವು ಕೂಡ್ರಿ. ನೀರು ತುದಿಗೆ ಬಂದು ಮುಟ್ಟೂತನಾ ಗೇಟ ಕಾಯೂದು ನಿಮ್ಮ ಪಾಲಿಂದು."

ಬೇರೆ ದಾರಿಯೇನಿತ್ತು? ಒಪ್ಪಿದ. ಕರಿ ವೈರು ತೆಗೆದಿಟ್ಟು ನಂಬರು ಹೊಡೆದರೆ ಪುಟ ತೆರೆದು ಕದಲದೆ ನಿಂತಿತು. ಲಾಗಿನ್ ಆದ, ಕಿಂಡಿ ತೆರೆದ, ಕಚೇರಿಗೆ ಹೇಳಿದ. ಗೇಟು ಕಿರುಗುಟ್ಟುತ್ತ ಮೇಲೆದ್ದಿತು. ನೀರು ಧುಮುಕಿದ ಸದ್ದಿಗೆ ಹೊರಗಿನವರು ಕೇಕೆ ಹಾಕಿದರು. ಭಗವಂತರಾಯರು ಶಹಬ್ಬಾಸ್ ಎಂದರು. ಆ ಕ್ಯಾಮೆರಾವನ್ನು ಮಾತ್ರ ಮತ್ತೆ ಚುಚ್ಚಬೇಡ, ಕರೆಂಟು ಇನ್ನೊಮ್ಮೆ ಕುಣಿದರೆ ಮತ್ತೆ ಇದೇ ಪಾಡು ಎಂದೂ ಹೇಳಿದರು. ಬೀಗ ಹಾಕಿದ್ದಾರೆ ಸರ್ ಎಂದರೆ, ಹಳ್ಳಿಯ ಜನ, ಸ್ವಲ್ಪ ಸುಧಾರಿಸಿಕೋ ಎಂದು ಫೋನಿಟ್ಟರು.

ನೀರು ತುದಿ ಮುಟ್ಟಲು ಮಧ್ಯಾಹ್ನ ದಾಟಿತು. ದೂರದಿಂದ ಯಾರೋ ಬಂತು ಬಂತು ಎಂದು ಕೂಗಿದರು. ಕೋಣೆಯ ಸುತ್ತ ಕೂತಿದ್ದವರೆಲ್ಲ ಸಲಿಕೆ ಹಿಡಿದು ಓಡಿದರು, ಮರಿಲಿಂಗಪ್ಪನೂ ಓಡಿದ, ತಿಮ್ಮವ್ವ ಸೀರೆ ಎತ್ತಿಕಟ್ಟಿ ಎಲ್ಲರಿಗಿಂತ ಮುಂದೆ ಓಡಿದಳು. ಕೀಲಿಯೂ ಅವಳ ಸೆರಗಿನಲ್ಲೇ ಓಡಿತು. ಬೀಗ ಹಾಕಿದ್ದಾರೆಂಬುದನ್ನೇ ಅವರು ಮರೆತಿದ್ದರು. ನೀರು ಬಂದ ಖುಷಿಯಲ್ಲಿ ಒಳಗೊಬ್ಬ ಮನುಷ್ಯ ಇದ್ದಾನೆಂದು ಯಾರಿಗೆ ನೆನಪಿರುತ್ತದೆ!

ಲಾಲಪ್ಪ ಕೂಗಿದ, ಬಾಗಿಲು ಬಡಿದ. ಕಾಲುವೆಯ ಭೋರ್ಗರೆತದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಮರಿಲಿಂಗಪ್ಪನ ಫೋನು ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಬಂತು. ಈಗ ಹೊರಟರೆ ಸುರಪುರದ ಗುಡ್ಡ ದಾಟಿ ಸರಿಯಾದ ಹೊತ್ತಿಗೆ ಮುಟ್ಟಬಹುದು. ಇನ್ನು ಸ್ವಲ್ಪ ತಡವಾದರೆ ಮುಗಿಯಿತು.

ಆಗ ಅವನ ಕಣ್ಣು ಗೇಟಿನ ವೈರಿನ ಮೇಲೆ ಹೋಯಿತು. ಅದನ್ನು ಕಿತ್ತರೆ ಸಂಪರ್ಕ ತಪ್ಪುತ್ತದೆ, ಗೇಟು ಇಳಿಯುತ್ತದೆ, ನೀರು ನಿಲ್ಲುತ್ತದೆ, ಆ ಜನ ಬಿದ್ದೆದ್ದು ಓಡಿಬರುತ್ತಾರೆ. ಕೀಲಿಯೂ ಜೊತೆಗೆ ಬರುತ್ತದೆ. ಥೂ, ಎಂಥ ಬುದ್ಧಿ ಎಂದು ತನಗೇ ಬೈದುಕೊಂಡ. ತುಸು ಹೊತ್ತಿನ ಮೇಲೆ ಬೇರೆ ಮಾತು ಹೊಳೆಯಿತು: ಹೊಲಕ್ಕೆ ನೀರು ಮುಟ್ಟಿಯಾಗಿದೆ, ಚೂರು ಹೊತ್ತು ನಿಂತರೆ ಯಾರಪ್ಪನ ಗಂಟು ಹೋಗುತ್ತದೆ? ಬಾಗಿಲು ತೆರೆದ ಕೂಡಲೇ ಚುಚ್ಚಿದರಾಯಿತು. ಅಯ್ಯಮ್ಮ ಹಸಿರು ಸೀರೆ ಉಟ್ಟು ಬಾಗಿಲು ನೋಡುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ, ಸುಮ್ಮನಿರಿ. ಕಿತ್ತ.

ಗೇಟು ಇಳಿಯಿತು. ಭೋರ್ಗರೆತ ನಿಂತು ಎಲ್ಲ ಸಪ್ಪಗಾಯಿತು. ಬಹಳ ಹೊತ್ತಾಗಲಿಲ್ಲ, ತಿಮ್ಮವ್ವ ಒಬ್ಬಳೇ ಏರಿಯ ಮೇಲೆ ಏದುಸಿರು ಬಿಡುತ್ತ ಓಡಿಬಂದಳು. ಮೊಣಕಾಲಿನವರೆಗೆ ಕೆಸರು, ಕೆಸರುಗೈಯಲ್ಲಿ ಜಾರಿ ಕೀಲಿ ತೂತಿಗೆ ಕೂರದು. ಅಂತೂ ಬಾಗಿಲು ತೆರೆಯಿತು.

"ಮತ್ತ ನಿಂತ್ಬಿಡ್ತ್ರಿ ಸಾಹೇಬ್ರ. ನನ್ನ ಹೊಲದ ಬಾಯಿಗೆ ಬಂದಿತ್ರಿ, ಒಳಗ ತಿರುವಾಕ ಸಲಿಕಿ ಎತ್ತೀನಿ, ಅಷ್ಟರಾಗ ನಿಂತ್ಬಿಡ್ತು."

ಲಾಲಪ್ಪ ಅವಳತ್ತ ಬೆನ್ನು ತಿರುಗಿಸಿ ಡಬ್ಬಿಯೊಳಗೆ ಕೈ ಹಾಕಿದ. ವೈರು ಚುಚ್ಚಿ, ಕಚೇರಿಗೆ ಫೋನು ಮಾಡಿದ. ಗೇಟು ಎದ್ದಿತು, ನೀರು ಮತ್ತೆ ಬಿತ್ತು. ತಿಮ್ಮವ್ವ ಗೋಡೆಗೆ ಆತು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬೀಗ ಹಾಕಿ ಮರೆತುಹೋದದ್ದು ತಪ್ಪಾಯಿತೆಂದಳು. ಬೈಕಿನ ಕೀಲಿಯನ್ನು ತಾನೇ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಲಾಲಪ್ಪ ಚೀಲ ಹೆಗಲಿಗೆ ಹಾಕಿದ. ಇನ್ನು ಅದು ನಿಲ್ಲುವುದಿಲ್ಲ, ನಾನು ಹೋಗುತ್ತೇನೆ ಎಂದ.

"ಹೆಂಗ ಹೇಳ್ತೀರಿ? ಆಗಳೇನೂ ಎಲ್ಲಾ ಸುದ್ದ ಆತು ಅಂದ್ರಿ, ನಿಂತಿತಲ್ಲ. ಯಾಕ ನಿಂತಿತ್ರಿ?"

ಕೇಳಿದ ರೀತಿಯಲ್ಲಿ ಸಂಶಯವಿರಲಿಲ್ಲ. ಬಲ್ಲವನನ್ನು ಕೇಳುವಂತೆ ಕೇಳಿದಳು. ಉತ್ತರ ಅವನ ಗಂಟಲಿನವರೆಗೆ ಬಂತು. ಆ ಉತ್ತರ ಒಂದನ್ನು ಹೇಳಿದರೆ ಅವಳು ನಿಶ್ಚಿಂತೆಯಿಂದ ಹೊಲಕ್ಕೆ ಹೋಗುತ್ತಾಳೆ, ಇವನು ರಂಗಂಪೇಟೆಗೆ ಹೋಗುತ್ತಾನೆ. ಅವಳ ಕಾಲಿನ ಕೆಸರನ್ನು ನೋಡುತ್ತ ನಿಂತ. ಗೊತ್ತಿಲ್ಲಮ್ಮ ಎಂದ.

ಗೊತ್ತಿಲ್ಲ ಎಂದ ಮೇಲೆ ಅವಳು ಬಿಟ್ಟಾಳೇ? ಆದರೆ ಜಬರ್ದಸ್ತಿ ಮಾಡಲಿಲ್ಲ. ಬೀಗವನ್ನೂ ಅದರ ಕೀಲಿಯನ್ನೂ ಅವನ ಅಂಗೈಯಲ್ಲಿಟ್ಟು ಮುಚ್ಚಿದಳು.

"ಬೀಗಾ ಹಾಕೂದಿಲ್ರಿ ನಾ. ನೀವು ಇದ್ರ ನೀರು ಇರತೈತಿ, ಅಷ್ಟು ನನಗ ತಿಳದೈತಿ. ಎರಡಽ ಮಡಿ ಅದಾವ್ರಿ. ಅವು ತುಂಬೂತನಾ ಕೂಡ್ರಿ, ನಿಮ್ಮ ಕಾಲ ಬೀಳ್ತೀನಿ."

ಬೀಳಲು ಬಗ್ಗಿದವಳನ್ನು ಲಾಲಪ್ಪ ಗಾಬರಿಯಿಂದ ತಡೆದ, ಕೂರುತ್ತೇನೆ ಹೋಗಿರಿ ಎಂದ. ಅವಳು ಹಿಂದೆ ನೋಡದೆ ಏರಿ ಇಳಿದು ಓಡಿದಳು. ಕೋಣೆಯ ಮುಂದೆ ಅವನ ಬೈಕು ನಿಂತಿತ್ತು, ಸುತ್ತ ಒಂದು ಹುಳವೂ ಇರಲಿಲ್ಲ. ಲಾಲಪ್ಪ ಒಳಗೆ ಹೋಗಿ ನೆಲದ ಮೇಲೆ ಕೂತ. ಹೊರಗೆ ಹೊತ್ತು ಮುಳುಗಿತು.

ಫೋನು ಹೊಡೆದುಕೊಂಡಿತು. ಎತ್ತಿದ. ಹಿಂದೆ ಹೆಂಗಸರ ಸೋಬಾನೆ ಕೇಳುತ್ತಿತ್ತು, ಬಳೆಯ ಸದ್ದೂ ಕೇಳುತ್ತಿತ್ತು. ಬಿಟ್ಟರೇನ್ರಿ ನಿಮ್ಮನ್ನ ಎಂದು ಕೇಳಿದಳು ಅಯ್ಯಮ್ಮ.

"ಇಲ್ಲ," ಎಂದ ಲಾಲಪ್ಪ, "ಇನ್ನೂ ಬೀಗ ತಗದಿಲ್ಲ."

ಬಾಗಿಲು ಹಾರು ಹೊಡೆದಿತ್ತು. ಬೀಗ ಅವನ ಕೈಯಲ್ಲೇ ಇತ್ತು.