ಸಲಿಕೆ ಇಳಿಸುವ ಮುನ್ನ

ಬೆಟ್ಟದ ನೆತ್ತಿಯ ಜೌಗಿನಲ್ಲಿ ಒಣಗಿಸಿ ಒಲೆಯಲ್ಲಿ ಸೌದೆಯಂತೆ ಉರಿಸಲೆಂದು ಕರಿಮಣ್ಣು ಕೊಯ್ಯುವವನಿಗೆ ಅಪ್ಪ ಕಲಿಸಿದ್ದು ಇಷ್ಟೇ: ಸಲಿಕೆ ಇಳಿಸುವ ಮುನ್ನ ಹಿಮ್ಮಡಿಯಿಂದ ನೆಲವನ್ನು ಮೂರು ಸಲ ತಟ್ಟು, ಮೂರು ಉಸಿರು ಕಾಯಿ. ಚಳಿಗೆ ಕಪ್ಪೆಗಳು ಆ ಮಣ್ಣಿನೊಳಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ. ತಟ್ಟಿದರೆ ಮೆಲ್ಲನೆ ಆಳಕ್ಕೆ ಜಾರುತ್ತವೆ. ಹೆಬ್ಬೆರಳಿನಷ್ಟು ಮೈ, ಕೆಂಡದಂಥ ಹೊಟ್ಟೆ. ಈ ಜೌಗು ಬಿಟ್ಟರೆ ಆ ಜಾತಿಯನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ದೇವರು ಇಲ್ಲಿ ಮೊದಲು ಕೂರಿಸಿದ್ದು ಆ ಕಪ್ಪೆಗಳನ್ನೇ, ತಾನು ಆಮೇಲೆ ಬಂದವನು ಎಂದೇ ನಂಬಿ ನಲವತ್ತು ವರ್ಷ ಮಣ್ಣು ಕೊಯ್ದಿದ್ದ.

ಆ ಬೆಳಿಗ್ಗೆ ಏರಿ ಬಂದಾಗ ಹೆಂಡತಿಯ ತಮ್ಮ ಆಗಲೇ ಜೌಗಿನ ಅಂಚು ಸೀಳಿ, ನೀರು ಬಸಿಯಲು ಕಾಲುವೆ ತೋಡುತ್ತಿದ್ದ. ತಳದ ಕೆಸರಿನಲ್ಲಿ ತುಂಡಾದ ಕಾಲುಗಳು ಇನ್ನೂ ಈಜುತ್ತಿದ್ದವು. ಅರ್ಧ ಮೈಯ ಕಪ್ಪೆಯೊಂದು ದಂಡೆ ಹತ್ತಲು ನೋಡುತ್ತಿತ್ತು.

“ತಟ್ಟಿದ್ಯೇನೋ?”

“ತಟ್ಟಿ ಒಳಗೆ ಬರೋಕೆ ಇವೇನು ನಮ್ಮ ಬೀಗರಾ ಭಾವ? ನೀರು ಬಸಿದ್ರೆ ವಾರದಲ್ಲಿ ಮಣ್ಣೆಲ್ಲ ಎತ್ತಬಹುದು.”

“ನೀರು ಹೋದ್ರೆ ಇವು ಒಂದೂ ಉಳಿಯಲ್ಲ. ಮುಚ್ಚು ಅದನ್ನ.”

“ನಮ್ಮಕ್ಕ ಕಾಯಿಲೆ ಬಿದ್ದಾಗ್ಲೂ ಇಷ್ಟು ಮರುಗಿರಲಿಲ್ಲ ನೀನು!” ಎಂದವನೇ ಭಾಮೈದ ಸತ್ತ ಕಪ್ಪೆಗಳನ್ನು ಸಲಿಕೆಯಲ್ಲಿ ಬಾಚಿ ಭಾವನ ಮುಖಕ್ಕೆ ಎರಚಿದ.

ತುಟಿಯ ಮೇಲೆ ತಣ್ಣನೆಯ ಕರುಳು ಜಾರಿತು. ಭಾವನ ಮುಷ್ಟಿ ಅವನ ಮೂಗು ಮುರಿಯಿತು. ಸಲಿಕೆಯ ಹಿಡಿ ತಿರುಗಿ ಬಂದು ಭಾವನ ಎರಡು ಹಲ್ಲು ಕಿತ್ತಿತು. ಇಬ್ಬರೂ ಕಾಲುವೆಗೆ ಉರುಳಿದರು. ಕೊನೆಗೆ ಭಾಮೈದ ಮೊಣಕಾಲುಮಟ್ಟ ಕೆಸರಿನಲ್ಲಿ ಹೂತು ನಿಂತ. ಭಾವ ದಂಡೆಯ ಮೇಲೆ ನಿಂತು, ಅವನ ಕುತ್ತಿಗೆಗೆ ನೇರವಾಗಿ ಸಲಿಕೆ ಎತ್ತಿದ.

“ಬೇಡ ಭಾವಾ…”

ಭಾವನ ಮನಸ್ಸಿನಲ್ಲಿ ಕರುಣೆಯ ಒಂದು ಹನಿಯೂ ಇರಲಿಲ್ಲ. ಆದರೆ ಹಿಮ್ಮಡಿ ತನ್ನ ಪಾಡಿಗೆ ತಾನು ನೆಲ ತಟ್ಟಿತು. ಒಂದು. ಎರಡು. ಮೂರು. ಕೈ ಕಾದು ನಿಂತಿತು, ನಲವತ್ತು ವರ್ಷ ಕಾದ ಹಾಗೆ. ಮೊದಲ ಉಸಿರಿಗೆ ಭಾಮೈದ ಹೊಟ್ಟೆಯ ಮೇಲೆ ಬಿದ್ದ. ಎರಡನೆಯದಕ್ಕೆ ಕೆಸರು ಸೀಳಿ ಆಚೆ ಹೊರಳಿದ. ಮೂರನೆಯದು ಮುಗಿಯಿತು. ಕುತ್ತಿಗೆ ಇದ್ದ ಜಾಗಕ್ಕೇ ಸಲಿಕೆ ಹಿಡಿಯವರೆಗೂ ಇಳಿಯಿತು.

ಎಳೆದು ನೋಡಿದ. ಕರಿನೀರು ಮಾತ್ರ ತೊಟ್ಟಿಕ್ಕುತ್ತಿತ್ತು.

ಆಚೆ ದಂಡೆಯಲ್ಲಿ ಭಾಮೈದ ಬಾಯಲ್ಲಿ ತುಂಬಿದ ರಕ್ತ ಉಗಿದು ಕೇಳಿದ: “ಯಾಕೆ ನಿಲ್ಲಿಸಿದೆ?”

“ನಿಲ್ಲಿಸಲಿಲ್ಲ ಕಣೋ,” ಎಂದ ಭಾವ. “ನೀನು ಸರಿದೆ.”

ಆಮೇಲೆ ಮೊದಲ ಹೆಂಟೆ ಎತ್ತಿ ಕಾಲುವೆಗೆ ಹಾಕಿದ.